ಆರ್ಚಿಯಲ್ಲಿ ಪಹಣಿಯ ದಾರಿ: ಒಂದು ಉಚಿತ ಆರ್ಕಿಟೆಕ್ಚರ್ ಟೂಲ್ ಬಗ್ಗೆ

ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ (ಒಂದು ಸಂಸ್ಥೆಯ ಇಡೀ ವ್ಯವಸ್ಥೆಯನ್ನು ಬರೆದು ಯೋಜಿಸುವುದು) ಕಲಿಯಬೇಕು, ಯಾವ ಟೂಲ್ ತಗೊಳ್ಳಲಿ ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ ಹೆಸರು: ಆರ್ಚಿ. ದುಡ್ಡು ಕೊಡಬೇಕಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮುಕ್ತವಾಗಿ ಬಳಸಲು ಬಿಡುವ ಎಂಐಟಿ ಲೈಸೆನ್ಸ್ ಇರುವುದರಿಂದ ಆಫೀಸಿನ ಕೆಲಸಕ್ಕೂ ಧೈರ್ಯವಾಗಿ ಬಳಸಬಹುದು. ಆದರೆ ಉಚಿತ ಅನ್ನುವ ಒಂದೇ ಕಾರಣಕ್ಕೆ ನಾನು ಅದನ್ನು ಮೆಚ್ಚಿಲ್ಲ. ಒಂದು ಸಂಸ್ಥೆಯಲ್ಲಿ ಯಾರ ಕೆಲಸ ಯಾರಿಗಾಗಿ ಕಾಯುತ್ತಿದೆ ಅನ್ನುವುದನ್ನು ಇಷ್ಟು ನೇರವಾಗಿ ತೋರಿಸುವ ಇನ್ನೊಂದು ಟೂಲ್ ನನಗೆ ಸಿಕ್ಕಿಲ್ಲ.

ಇದೇ ನನ್ನ ಹೊಟ್ಟೆಪಾಡು. ಬೆಂಗಳೂರಿನ ಆಫೀಸಿನಲ್ಲಿ ದಿನಾ ಆರ್ಚಿ ತೆರೆದೇ ಇರುತ್ತದೆ. ಊರು ಅರಸೀಕೆರೆ ಕಡೆ, ಮನೆಯಲ್ಲಿ ತೆಂಗಿನ ತೋಟ ಇದೆ. ಹಾಗಾಗಿ ಹೊಸಬರಿಗೆ ಆರ್ಚಿ ಹೇಳಿಕೊಡುವಾಗ ಬ್ಯಾಂಕು, ಇನ್ಶೂರೆನ್ಸ್ ಎಲ್ಲ ಪಕ್ಕಕ್ಕಿಟ್ಟು ಪಹಣಿಯನ್ನೇ ಉದಾಹರಣೆಗೆ ತಗೊಳ್ಳುತ್ತೇನೆ. ಪಹಣಿ ಗೊತ್ತಿಲ್ಲದ ಮನೆ ನಮ್ಮ ಕಡೆ ಇಲ್ಲ. ಈ ವಿಮರ್ಶೆಯೂ ಅದೇ ಉದಾಹರಣೆ ಹಿಡಿದು ಹೋಗುತ್ತದೆ.

ಮೊದಲು ಹಿನ್ನೆಲೆ, ಬೇಗ ಮುಗಿಸುತ್ತೇನೆ. ಸಂಸ್ಥೆಯ ಕೆಲಸ, ಜನ, ಸಾಫ್ಟ್‌ವೇರ್, ಸರ್ವರ್ ಇವು ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆ ಅಂತ ಬರೆದಿಟ್ಟು, ಮುಂದೆ ಹೇಗಿರಬೇಕು ಅಂತ ತೀರ್ಮಾನಿಸುವುದೇ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್. 1987ರಲ್ಲಿ ಐಬಿಎಂನ ಜಾನ್ ಝಾಕ್‌ಮನ್ ಬರೆದ ಲೇಖನದಿಂದ ಈ ವಿಚಾರಕ್ಕೆ ಒಂದು ರೂಪ ಬಂತು. 1995ರಲ್ಲಿ ಐಟಿ ಮಾನದಂಡಗಳನ್ನು ರೂಪಿಸುವ ದಿ ಓಪನ್ ಗ್ರೂಪ್ ಈ ಕೆಲಸಕ್ಕೆ ಟೋಗಾಫ್ ಅನ್ನುವ ಚೌಕಟ್ಟು ತಂದಿತು. ಅಮೆರಿಕದಲ್ಲಿ 1996ರ ಕ್ಲಿಂಗರ್-ಕೋಹೆನ್ ಕಾಯ್ದೆ ಸರ್ಕಾರಿ ಸಂಸ್ಥೆಗಳ ಐಟಿ ಮುಖ್ಯಸ್ಥರ ಮೇಲೆ ಆರ್ಕಿಟೆಕ್ಚರ್ ಹೊಣೆ ಹೊರಿಸಿತು. ನಮ್ಮ ಕೇಂದ್ರ ಸರ್ಕಾರವೂ 2018ರಲ್ಲಿ ಇಂಡಿಯಾ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಅಂತ ಒಂದು ಚೌಕಟ್ಟು ಹೊರಡಿಸಿತು.

ಇವೆಲ್ಲ ಏನು ಮಾಡಬೇಕು ಅಂತ ಹೇಳುತ್ತವೆ. ಚಿತ್ರ ಹೇಗೆ ಬರೆಯಬೇಕು ಅನ್ನುವುದಕ್ಕೆ ಒಂದು ಭಾಷೆ ಬೇಕಲ್ವಾ? ಅದು ಆರ್ಕಿಮೇಟ್. 2002ರಿಂದ 2004ರವರೆಗೆ ನೆದರ್ಲೆಂಡ್ಸ್‌ನಲ್ಲಿ ಸಂಶೋಧನಾ ಯೋಜನೆಯಾಗಿ ಹುಟ್ಟಿತು. ಆಮೇಲೆ ದಿ ಓಪನ್ ಗ್ರೂಪ್ ಕೈಗೆ ಹೋಯಿತು, 2009ರಲ್ಲಿ ಮೊದಲ ಆವೃತ್ತಿ ಬಂತು. 3.2 ಆವೃತ್ತಿ ಬಂದದ್ದು 2022ರಲ್ಲಿ. ಆರ್ಚಿ ಈ ಭಾಷೆಯಲ್ಲಿ ಬರೆಯುವ ಟೂಲ್. ಇಂಗ್ಲೆಂಡಿನ ಬೋಲ್ಟನ್ ವಿಶ್ವವಿದ್ಯಾಲಯದಲ್ಲಿ, ಅಲ್ಲಿನ ಉನ್ನತ ಶಿಕ್ಷಣಕ್ಕೆ ತಂತ್ರಜ್ಞಾನದ ನೆರವು ಕೊಡುವ ಜಿಸ್ಕ್ ಸಂಸ್ಥೆಯ ಹಣದಲ್ಲಿ ಶುರುವಾಯಿತು. ಫಿಲ್ ಬೋವಾರ್ ಅದರ ಮುಖ್ಯ ಡೆವಲಪರ್. 2010ರಲ್ಲಿ ಹೊರಬಂದದ್ದು ಇವತ್ತಿಗೂ ಹೊಸ ಆವೃತ್ತಿ ಕಾಣುತ್ತಿದೆ. ಕಾಲೇಜುಗಳು ತಮ್ಮ ವ್ಯವಸ್ಥೆ ತಾವೇ ಬರೆದುಕೊಳ್ಳಲಿ ಅಂತ ಮಾಡಿದ ಟೂಲ್‌ನ್ನು ಇವತ್ತು ದೊಡ್ಡ ದೊಡ್ಡ ಕಂಪನಿಗಳೂ ಬಳಸುತ್ತಿವೆ. ಇದು ನನಗೆ ತುಂಬ ಇಷ್ಟವಾದ ಸಂಗತಿ.

ತೆರೆದರೆ ಎಡಗಡೆ ಮಾಡೆಲ್ ಟ್ರೀ. ಬಿಸಿನೆಸ್, ಅಪ್ಲಿಕೇಶನ್, ಟೆಕ್ನಾಲಜಿ, ಮೋಟಿವೇಶನ್ ಅಂತ ಫೋಲ್ಡರ್‌ಗಳು. ಕೊನೆಯಲ್ಲಿ ರಿಲೇಶನ್ಸ್ (ಗೆರೆಗಳು), ವ್ಯೂಸ್ (ಹಾಳೆಗಳು). ಮಧ್ಯೆ ಹಾಳೆ, ಅದರ ಪಕ್ಕ ಪ್ಯಾಲೆಟ್, ಅಂದರೆ ಹಾಳೆಗೆ ಹಾಕಬಹುದಾದ ಡಬ್ಬಿ, ಗೆರೆಗಳ ಪಟ್ಟಿ. ಬಿಸಿನೆಸ್‌ಗೆ ಹಳದಿ, ಅಪ್ಲಿಕೇಶನ್‌ಗೆ ನೀಲಿ, ಟೆಕ್ನಾಲಜಿಗೆ ಹಸಿರು. ಎಕ್ಲಿಪ್ಸ್ ಅನ್ನುವ ಸಾಫ್ಟ್‌ವೇರ್ ಚೌಕಟ್ಟಿನ ಮೇಲೆ ಕಟ್ಟಿದ್ದರಿಂದ ನೋಟ ಸ್ವಲ್ಪ ಹಳೆಯದು ಅನಿಸುತ್ತದೆ. ಮೆನು ಇಂಗ್ಲಿಷ್‌ನಲ್ಲಿದೆ, ಆದರೆ ಡಬ್ಬಿಗಳಿಗೆ ಕನ್ನಡದಲ್ಲೇ ಹೆಸರು ಕೊಡಬಹುದು. ನನ್ನ ಪಹಣಿ ಮಾಡೆಲ್ ಪೂರ್ತಿ ಕನ್ನಡದಲ್ಲಿದೆ. ಒತ್ತಕ್ಷರ ಸಮೇತ ಸರಿಯಾಗಿ ಕಾಣುತ್ತದೆ.

ಸುಮ್ನೆ ಚಿತ್ರ ಬರೆಯುವ ಟೂಲ್‌ಗಳಿಗೂ ಆರ್ಚಿಗೂ ಇರುವ ವ್ಯತ್ಯಾಸ ಮೊದಲ ಐದು ನಿಮಿಷದಲ್ಲೇ ಗೊತ್ತಾಗುತ್ತದೆ. ಬೇರೆ ಕಡೆ ಎರಡು ಹಾಳೆಯಲ್ಲಿ ‘ಭೂಮಿ’ (ಪಹಣಿಗಳನ್ನು ಇಟ್ಟಿರುವ ಸರ್ಕಾರಿ ತಂತ್ರಾಂಶ) ಅಂತ ಎರಡು ಡಬ್ಬಿ ಬರೆದರೆ ಅವು ಎರಡು ಬೇರೆ ಡಬ್ಬಿ. ಆರ್ಚಿಯಲ್ಲಿ ‘ಭೂಮಿ’ ಡಬ್ಬಿ ಮಾಡೆಲ್‌ನಲ್ಲಿ ಒಂದೇ ಕಡೆ ಇರುತ್ತದೆ, ಎಷ್ಟು ಹಾಳೆಗೆ ಬೇಕಾದರೂ ಎಳೆದು ಹಾಕಬಹುದು. ಒಂದು ಕಡೆ ಹೆಸರು ಬದಲಿಸಿದರೆ ಎಲ್ಲ ಕಡೆ ಬದಲಾಗುತ್ತದೆ. ಹಾಳೆಯಿಂದ ಅಳಿಸುವುದು ಬೇರೆ, ಮಾಡೆಲ್‌ನಿಂದಲೇ ಅಳಿಸುವುದು ಬೇರೆ. ಡಿಲೀಟ್ ಒತ್ತಿದರೆ ಹಾಳೆಯಿಂದ ಮಾತ್ರ ಹೋಗುತ್ತದೆ. ಹೊಸಬರು ಇದನ್ನು ಮೊದಲ ದಿನವೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈಗ ಪಹಣಿಗೆ ಬರೋಣ. ನಮ್ಮ ಕೈಯಲ್ಲಿರುವ ಪಹಣಿ ಒಂದು ಹಾಳೆ. ಆರ್ಕಿಮೇಟ್‌ನಲ್ಲಿ ಅದನ್ನು ಬರೆಯಲು ಹೋದರೆ ಒಂದು ಡಬ್ಬಿ ಸಾಲುವುದಿಲ್ಲ, ಮೂರು ಬೇಕು. ಜಮೀನಿನ ಹಕ್ಕಿನ ದಾಖಲೆ ಅನ್ನುವ ಪರಿಕಲ್ಪನೆ ಬಿಸಿನೆಸ್ ಆಬ್ಜೆಕ್ಟ್. ಭೂಮಿ ಡೇಟಾಬೇಸ್‌ನಲ್ಲಿರುವ ದಾಖಲೆ ಡೇಟಾ ಆಬ್ಜೆಕ್ಟ್. ನಾಡಕಚೇರಿಯಲ್ಲಿ ಪ್ರಿಂಟ್ ಆಗಿ ಬರುವ ಕಾಗದ ರೆಪ್ರೆಸೆಂಟೇಶನ್. ಡೇಟಾ ಆಬ್ಜೆಕ್ಟ್‌ನಿಂದಲೂ ಕಾಗದದಿಂದಲೂ ಬಿಸಿನೆಸ್ ಆಬ್ಜೆಕ್ಟ್‌ಗೆ ಒಂದೊಂದು ರಿಯಲೈಸೇಶನ್ ಗೆರೆ (ಇದು ಅದಕ್ಕೆ ರೂಪ ಕೊಡುತ್ತದೆ ಅನ್ನುವ ಗೆರೆ) ಹೋಗುತ್ತದೆ. ಇದು ಅನಗತ್ಯ ತಲೆನೋವು ಅಂತ ಮೊದಲು ಎಲ್ಲರಿಗೂ ಅನಿಸುತ್ತದೆ. ಆದರೆ ಒಂದು ಪ್ರಶ್ನೆ ಕೇಳಿ ನೋಡಿ: ಬ್ಯಾಂಕಿನವರು ಸಾಲ ಕೊಡುವಾಗ ಇವುಗಳಲ್ಲಿ ಯಾವುದನ್ನು ನೋಡುತ್ತಾರೆ? ಕಾಲಂ 9ರಲ್ಲಿ ಯಾರ ಹೆಸರಿದೆ, ಕಾಲಂ 11ರಲ್ಲಿ ಯಾವ ಋಣ ಇದೆ ಅಂತ ಪ್ರಿಂಟ್ ಆದ ಕಾಗದದಲ್ಲಿ ನೋಡುತ್ತಾರೋ, ನೇರವಾಗಿ ಭೂಮಿಯಲ್ಲೇ ನೋಡುತ್ತಾರೋ? ಕಾಗದ ನೋಡಿದರೆ ಪ್ರಿಂಟ್ ಆದ ದಿನದ ಸತ್ಯ ಮಾತ್ರ ಸಿಗುತ್ತದೆ. ಗೆರೆ ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ಇಡೀ ವಿನ್ಯಾಸ ಬದಲಾಗುತ್ತದೆ. ಮೂರು ಡಬ್ಬಿ ಬರೆಸಿದ್ದಕ್ಕೇ ಈ ಪ್ರಶ್ನೆ ಹುಟ್ಟಿದ್ದು.

ಆರ್ಚಿಯಲ್ಲಿ ನನಗೆ ಅತಿ ಪ್ರಿಯವಾದದ್ದು ಮ್ಯಾಜಿಕ್ ಕನೆಕ್ಟರ್. ಒಂದು ಡಬ್ಬಿ ಒತ್ತಿ, ಇನ್ನೊಂದು ಡಬ್ಬಿ ಒತ್ತಿದರೆ ಆ ಎರಡರ ನಡುವೆ ಆರ್ಕಿಮೇಟ್‌ನ ವ್ಯಾಕರಣ ಒಪ್ಪುವ ಸಂಬಂಧಗಳನ್ನು ಮಾತ್ರ ತೋರಿಸುತ್ತದೆ. ಪಹಣಿಯ ಡೇಟಾ ಆಬ್ಜೆಕ್ಟ್‌ನಿಂದ ‘ಹಕ್ಕು ಬದಲಾವಣೆ’ ಪ್ರೋಸೆಸ್‌ಗೆ ಟ್ರಿಗರಿಂಗ್ ಗೆರೆ (ಇದರಿಂದ ಅದು ಶುರುವಾಗುತ್ತದೆ ಅನ್ನುವ ಬಾಣ) ಎಳೆಯಲು ಹೋಗಿ. ಬಿಡುವುದಿಲ್ಲ. ಯಾಕೆಂದರೆ ದಾಖಲೆ ತಾನಾಗಿ ಯಾವ ಕೆಲಸವನ್ನೂ ಶುರು ಮಾಡುವುದಿಲ್ಲ. ಏನಾದರೂ ಘಟನೆ ನಡೆಯಬೇಕು ಅಥವಾ ಇನ್ನೊಂದು ಕೆಲಸ ಮುಗಿಯಬೇಕು. ‘ಫೈಲ್ ಮೂವ್ ಆಗುತ್ತದೆ’ ಅಂತ ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆರ್ಚಿ ಆ ಮಾತನ್ನು ಬರೆಯಲು ಬಿಡದೆ, ಯಾವ ಘಟನೆ, ಯಾರ ಕೆಲಸ ಅಂತ ಹೇಳಿಸುತ್ತದೆ.

ಇದರ ಬೆಲೆ ಗೊತ್ತಾಗುವುದು ಎರಡು ದಾರಿಗಳನ್ನು ಪಕ್ಕಪಕ್ಕ ಬರೆದಾಗ. ಒಂದು ಮಾರಾಟದ ದಾರಿ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕ್ರಯಪತ್ರ ನೋಂದಣಿ ಆಗುತ್ತದೆ, ಅದು ಕಾವೇರಿ ತಂತ್ರಾಂಶದಲ್ಲಿ. ನೋಂದಣಿ ಮುಗಿದ ಮಾಹಿತಿ ಭೂಮಿಗೆ ಬರುತ್ತದೆ. ಅಲ್ಲಿ ಮ್ಯುಟೇಶನ್, ಅಂದರೆ ಹಕ್ಕು ಬದಲಾವಣೆ, ಶುರು. ನೋಟಿಸ್, ಆಕ್ಷೇಪಣೆಗೆ ಕಾಲಾವಕಾಶ, ತಕರಾರು ಇಲ್ಲದಿದ್ದರೆ ರೆವಿನ್ಯೂ ಇನ್‌ಸ್ಪೆಕ್ಟರ್ ಅನುಮೋದನೆ, ಪಹಣಿಯಲ್ಲಿ ಹೊಸ ಹೆಸರು. ಹಾಳೆಯಲ್ಲಿ ‘ನೋಂದಣಿ ಮುಗಿಯಿತು’ ಅನ್ನುವ ಬಿಸಿನೆಸ್ ಇವೆಂಟ್‌ನಿಂದ ಮ್ಯುಟೇಶನ್ ಪ್ರೋಸೆಸ್‌ಗೆ ನೇರ ಬಾಣ.

ಇನ್ನೊಂದು ಪೋತಿ ಖಾತೆಯ ದಾರಿ. ಜಮೀನಿನ ಮಾಲೀಕರು ತೀರಿಕೊಂಡಿದ್ದಾರೆ. ‘ಮರಣ’ ಅಂತ ಒಂದು ಇವೆಂಟ್ ಇಡಿ. ಅದರಿಂದ ಮ್ಯುಟೇಶನ್‌ಗೆ ಬಾಣ ಎಳೆಯಬಹುದಾ? ವ್ಯಾಕರಣ ಒಪ್ಪುತ್ತದೆ, ವಾಸ್ತವ ಒಪ್ಪುವುದಿಲ್ಲ. ವಾರಸುದಾರರು ವಂಶವೃಕ್ಷ, ಮರಣ ಪ್ರಮಾಣಪತ್ರ ತಗೊಂಡು ಹೋಗಿ ಅರ್ಜಿ ಹಾಕಬೇಕು. ಅಂದರೆ ಮಧ್ಯೆ ‘ವಾರಸುದಾರರ ಅರ್ಜಿ’ ಅಂತ ಇನ್ನೊಂದು ಇವೆಂಟ್ ಬೇಕು, ಅದನ್ನು ಶುರು ಮಾಡುವ ಹೊಣೆ ಮನೆಯವರದ್ದು. ಅಣ್ಣತಮ್ಮಂದಿರು ಒಂದೊಂದು ಊರಲ್ಲಿದ್ದರೆ ಆ ಬಾಣ ಎಳೆಯುವವರು ಯಾರು? ತಾತನ ಹೆಸರಲ್ಲೇ ಉಳಿದ ಪಹಣಿಗಳು ನಮ್ಮ ಊರುಗಳಲ್ಲಿ ಯಾಕೆ ಅಷ್ಟೊಂದಿವೆ, ಸರ್ಕಾರ ಪೋತಿ ಖಾತೆ ಆಂದೋಲನ ಅಂತ ಯಾಕೆ ಮಾಡಬೇಕಾಗುತ್ತದೆ ಅನ್ನುವುದಕ್ಕೆ ಅರ್ಧ ಉತ್ತರ ಈ ಹಾಳೆಯಲ್ಲಿದೆ. ಇದನ್ನು ಬರೆಸಿದಾಗ ಹೊಸಬರ ಮುಖದಲ್ಲಿ ಅರ್ಥವಾದ ಕಳೆ ಬರುತ್ತದೆ. ನೂರು ಸ್ಲೈಡ್ ತೋರಿಸಿದರೂ ಅದು ಬರುವುದಿಲ್ಲ.

ಇಲ್ಲಿಂದ ಮುಂದೆ ಟೂಲ್ ಒಂದೇ ಸಾಲದು. ಸಂಸ್ಥೆಗಳ ವಿನ್ಯಾಸದ ಬಗ್ಗೆ 1960, 70ರ ದಶಕದಲ್ಲಿ ನಾಲ್ವರು ಯೋಚಿಸಿಟ್ಟಿದ್ದು ಗೊತ್ತಿರಬೇಕು. ಟೋಗಾಫ್ ಪರೀಕ್ಷೆ ಪಾಸಾದವರು ಜಾಸ್ತಿ ಸಿಗುತ್ತಾರೆ, ಈ ನಾಲ್ಕು ಹೆಸರು ಕೇಳಿದವರು ಕಡಿಮೆ. ಅದು ನನಗೆ ನಿಜಕ್ಕೂ ಬೇಸರದ ವಿಷಯ. ಯಾಕೆಂದರೆ ಆರ್ಚಿ ಏನನ್ನು ಚೆನ್ನಾಗಿ ತೋರಿಸುತ್ತದೆ, ಏನನ್ನು ಬಿಡುತ್ತದೆ ಅಂತ ಅಳೆಯಲು ಅವರೇ ಬೇಕು.

ಮೊದಲನೆಯವರು ಕಂಪ್ಯೂಟರ್ ವಿಜ್ಞಾನಿ ಮೆಲ್ವಿನ್ ಕಾನ್ವೇ, 1968. ಒಂದು ಸಂಸ್ಥೆ ಏನನ್ನೇ ವಿನ್ಯಾಸ ಮಾಡಲಿ, ಆ ವಿನ್ಯಾಸದಲ್ಲಿ ಸಂಸ್ಥೆಯೊಳಗೆ ಯಾರು ಯಾರ ಜೊತೆ ಮಾತಾಡುತ್ತಾರೆ ಅನ್ನುವುದರ ಅಚ್ಚು ಇರುತ್ತದೆ ಅಂದರು. ಪಹಣಿ ಮಾಡೆಲ್‌ನಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಕಂದಾಯ ಆಡಳಿತಕ್ಕೆ ಭೂಮಿ, ನೋಂದಣಿ ಮತ್ತು ಮುದ್ರಾಂಕಕ್ಕೆ ಕಾವೇರಿ, ಭೂಮಾಪನಕ್ಕೆ ಮೋಜಣಿ. ಮೇಲಿನ ಸಾಲಿನಲ್ಲಿ ಇಲಾಖೆಗಳನ್ನು ಹಳದಿಯಲ್ಲಿ ಇಡಿ, ಕೆಳಗಿನ ಸಾಲಿನಲ್ಲಿ ತಂತ್ರಾಂಶಗಳನ್ನು ನೀಲಿಯಲ್ಲಿ ಇಡಿ. ಎರಡೂ ಸಾಲಿನ ಗಡಿಗಳು ಒಂದರ ಕೆಳಗೆ ಒಂದು ಬಂದು ಕೂರುತ್ತವೆ. ರೈತನಿಗೆ ಇರುವುದು ಒಂದೇ ಜಮೀನು. ದಾಖಲೆ ಮಾತ್ರ ಮೂರು ಮನೆಯಲ್ಲಿ. ಇದನ್ನು ತಪ್ಪು ಅಂತ ಹೇಳುತ್ತಿಲ್ಲ. ಭೂಮಿ ಯೋಜನೆ 2000ದ ಸುಮಾರಿಗೆ ಬಂದಾಗ ಸುಮಾರು 9000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ದಫ್ತರಗಳಿಂದ 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ದೇಶದಲ್ಲೇ ಹೆಸರಾದ ಕೆಲಸ ಅದು. ಕಾವೇರಿ ಬಂದದ್ದು ಅದರ ನಂತರ. ಎರಡರ ನಡುವೆ ಮಾಹಿತಿ ಹರಿಯಲು ಶುರುವಾದ ಮೇಲೇ ಮಾರಾಟದ ಮ್ಯುಟೇಶನ್‌ಗೆ ಆ ನೇರ ಬಾಣ ಬಂದದ್ದು.

ಎರಡನೆಯವರು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್, 1962. ಅವರು ಇಬ್ಬರು ಗಡಿಯಾರ ಮಾಡುವವರ ಕತೆ ಹೇಳುತ್ತಾರೆ. ಇಬ್ಬರ ಗಡಿಯಾರದಲ್ಲೂ ಸುಮಾರು 1000 ಬಿಡಿಭಾಗ. ಒಬ್ಬ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಜೋಡಿಸುತ್ತಾನೆ. ಮಧ್ಯೆ ಗಿರಾಕಿ ಕರೆ ಬಂದು ಕೆಳಗಿಟ್ಟರೆ ಎಲ್ಲ ಬಿಚ್ಚಿಹೋಗುತ್ತದೆ. ಇನ್ನೊಬ್ಬ ಹತ್ತತ್ತು ಭಾಗಗಳ ಗಟ್ಟಿ ತುಂಡು ಮಾಡಿಟ್ಟುಕೊಂಡು, ಆ ತುಂಡುಗಳನ್ನು ಜೋಡಿಸುತ್ತಾನೆ. ಯಾರು ಉಳಿದರು ಅಂತ ಹೇಳಬೇಕಿಲ್ಲ. ಒಳಗೆ ಬಿಗಿ ನಂಟು, ಹೊರಗೆ ಸಡಿಲ ನಂಟು ಇರುವ ತುಂಡುಗಳಿಂದ ಕಟ್ಟಿದ ವ್ಯವಸ್ಥೆ ಬಾಳುತ್ತದೆ ಅನ್ನುವುದು ಅವರ ಮಾತು.

ಇದನ್ನು ಆರ್ಚಿಯಲ್ಲಿ ಲೆಕ್ಕ ಹಾಕಿಯೇ ನೋಡಬಹುದು. ಮಾಡೆಲ್‌ನ್ನು ಸಿಎಸ್‌ವಿಗೆ (ಸ್ಪ್ರೆಡ್‌ಶೀಟ್‌ನಲ್ಲಿ ತೆರೆಯುವ ಫೈಲ್) ಎಕ್ಸ್‌ಪೋರ್ಟ್ ಮಾಡಿದರೆ ಎಲಿಮೆಂಟ್‌ಗಳದ್ದು (ಡಬ್ಬಿಗಳು), ರಿಲೇಶನ್‌ಗಳದ್ದು, ಪ್ರಾಪರ್ಟಿಗಳದ್ದು (ಡಬ್ಬಿಗೋ ಗೆರೆಗೋ ನಾವು ಸೇರಿಸುವ ವಿವರಗಳು) ಅಂತ ಮೂರು ಫೈಲ್ ಬರುತ್ತವೆ. ರಿಲೇಶನ್ ಫೈಲ್‌ನಲ್ಲಿ ಪ್ರತಿ ಗೆರೆ ಎಲ್ಲಿಂದ ಎಲ್ಲಿಗೆ ಅಂತ ಇರುತ್ತದೆ. ಪ್ರತಿ ಎಲಿಮೆಂಟ್‌ಗೆ ‘ಇಲಾಖೆ’ ಅಂತ ಒಂದು ಪ್ರಾಪರ್ಟಿ ಮೊದಲೇ ಕೊಟ್ಟಿದ್ದರೆ, ಸ್ಪ್ರೆಡ್‌ಶೀಟ್‌ನಲ್ಲಿ ಒಳಗೇ ಉಳಿಯುವ ಗೆರೆ ಎಷ್ಟು, ಗಡಿ ದಾಟುವ ಗೆರೆ ಎಷ್ಟು ಅಂತ ಎಣಿಸಬಹುದು. ಗಡಿ ದಾಟುವ ಗೆರೆಗಳೇ ಜಾಸ್ತಿ ಇದ್ದರೆ ಇಲಾಖೆಗಳನ್ನು ಹಂಚಿದ ರೀತಿಯಲ್ಲೇ ಏನೋ ಇದೆ ಅಂತ ಅರ್ಥ. ಯಾವ ಸಾಫ್ಟ್‌ವೇರ್ ಕೊಂಡರೂ ಅದು ಸರಿಹೋಗುವುದಿಲ್ಲ. ನನ್ನ ಕೆಲಸದಲ್ಲಿ ಅತಿ ಹೆಚ್ಚು ಬಳಕೆಗೆ ಬಂದ ಉಪಾಯ ಇದು.

ಮೂರನೆಯವರು ಸಮಾಜಶಾಸ್ತ್ರಜ್ಞ ಜೇಮ್ಸ್ ಥಾಂಪ್ಸನ್, 1967. ಅವರ ಪ್ರಕಾರ ಘಟಕಗಳು ಮೂರು ರೀತಿಯಲ್ಲಿ ಒಂದನ್ನೊಂದು ಅವಲಂಬಿಸುತ್ತವೆ. ಎಲ್ಲರೂ ಒಂದೇ ಸವಲತ್ತು ಹಂಚಿಕೊಳ್ಳುವುದು ಒಂದು. ಒಬ್ಬರ ಕೆಲಸ ಮುಗಿದ ಮೇಲೆ ಇನ್ನೊಬ್ಬರದ್ದು ಶುರುವಾಗುವುದು ಎರಡನೆಯದು. ಇಬ್ಬರ ಕೆಲಸವೂ ಹೋಗಿ ಬಂದು ಮಾಡುತ್ತಾ ಒಂದನ್ನೊಂದು ಬದಲಿಸುವುದು ಮೂರನೆಯದು. ಮೊದಲನೆಯದಕ್ಕೆ ಒಂದೇ ನಿಯಮ ಸಾಕು. ಎರಡನೆಯದಕ್ಕೆ ವೇಳಾಪಟ್ಟಿ ಬೇಕು. ಮೂರನೆಯದಕ್ಕೆ ಜನ ಕೂತು ಮಾತಾಡಲೇಬೇಕು, ಬೇರೆ ದಾರಿ ಇಲ್ಲ.

ಪಹಣಿಯಲ್ಲಿ ಮೂರೂ ಸಿಗುತ್ತವೆ. ಎಲ್ಲ ನಾಡಕಚೇರಿಗಳೂ ಒಂದೇ ಭೂಮಿಯಿಂದ ಪ್ರಿಂಟ್ ಕೊಡುತ್ತವೆ, ಒಂದರ ಕೆಲಸ ಇನ್ನೊಂದಕ್ಕೆ ತಾಗುವುದಿಲ್ಲ. ನೋಂದಣಿಯಿಂದ ಮ್ಯುಟೇಶನ್‌ಗೆ ಹೋಗುವುದು ಎರಡನೇ ಥರ. ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರುವುದಾದರೆ ನೋಂದಣಿಗೆ ಮೊದಲು 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ಗುರುತಿಸಿದ ನಕ್ಷೆ) ಬೇಕು, ಅದೂ ಎರಡನೇ ಥರವೇ. ಆದರೆ ಪೋಡಿ, ಅಂದರೆ ಸರ್ವೆ ನಂಬರನ್ನು ಅಳೆದು ಬೇರೆ ಬೇರೆ ಭಾಗ ಮಾಡುವುದು, ನೋಡಿ. ಪಹಣಿಯಲ್ಲಿರುವ ವಿಸ್ತೀರ್ಣ ಕಂದಾಯದವರ ಲೆಕ್ಕ. ಆಕಾರ್‌ಬಂದ್‌ನಲ್ಲಿರುವ ವಿಸ್ತೀರ್ಣ ಭೂಮಾಪನದವರ ಲೆಕ್ಕ. ಎರಡೂ ತಾಳೆಯಾಗದಿದ್ದರೆ ಪೋಡಿ ಮುಂದಕ್ಕೆ ಹೋಗುವುದಿಲ್ಲ. ಅಳತೆ ಬದಲಾದರೆ ಪಹಣಿ ತಿದ್ದಬೇಕು, ಪಹಣಿಯ ಹಕ್ಕುದಾರರು ಬದಲಾದರೆ ಅಳತೆಗೆ ಮತ್ತೆ ಹೋಗಬೇಕು. ಇದು ಮೂರನೇ ಥರ. ವರ್ಷಗಟ್ಟಲೆ ನಿಂತ ಕಡತಗಳ ಬಗ್ಗೆ ಊರಲ್ಲಿ ಯಾರನ್ನಾದರೂ ಕೇಳಿ. ಬಹುಮಟ್ಟಿಗೆ ಇಂಥ ಜಾಗದಲ್ಲೇ ನಿಂತಿರುತ್ತವೆ.

ಆರ್ಚಿಯ ದೊಡ್ಡ ಕೊರತೆ ಕಾಣುವುದು ಇಲ್ಲೇ. ಆರ್ಕಿಮೇಟ್‌ನಲ್ಲಿ 11 ಬಗೆಯ ಸಂಬಂಧಗಳಿವೆ. ಟ್ರಿಗರಿಂಗ್ ಇದೆ, ಫ್ಲೋ (ಮಾಹಿತಿ ಅಥವಾ ವಸ್ತು ಹರಿಯುವುದು) ಇದೆ. ಎರಡೂ ಒಂದೇ ದಿಕ್ಕಿನ ಬಾಣ. ಹೋಗಿ ಬಂದು ಮಾಡುವ ಕೆಲಸಕ್ಕೆ ಎದುರುಬದುರು ಎರಡು ಬಾಣ ಹಾಕಬಹುದು ಅಷ್ಟೇ. ನೋಡುವವರಿಗೆ ಅದು ಎರಡು ಮಾಮೂಲಿ ಬಾಣದ ಹಾಗೆ ಕಾಣುತ್ತದೆ. ಇಲ್ಲಿ ಜನ ಕೂತು ಮಾತಾಡಬೇಕು ಅನ್ನುವುದು ಎಲ್ಲೂ ಕಾಣುವುದಿಲ್ಲ. ಕೆಲವರು ಸೇರಿ ಕೆಲಸ ಮಾಡುವುದಕ್ಕೆ ಬಿಸಿನೆಸ್ ಕೊಲ್ಯಾಬರೇಶನ್ ಅಂತ ಒಂದು ಎಲಿಮೆಂಟ್ ಇದೆ. ನಾನು ಪೋಡಿಗೆ ಅದನ್ನೇ ಬಳಸುತ್ತೇನೆ, ಸರ್ವೆಯರ್ ಮತ್ತು ಕಂದಾಯ ಅಧಿಕಾರಿಯನ್ನು ಅದರೊಳಗೆ ಸೇರಿಸುತ್ತೇನೆ. ಜೊತೆಗೆ ಪ್ರತಿ ಬಾಣಕ್ಕೆ ‘ಅವಲಂಬನೆ’ ಅಂತ ಒಂದು ಪ್ರಾಪರ್ಟಿ ಕೊಟ್ಟು ‘ಹಂಚಿಕೆ’, ‘ಸರದಿ’, ‘ಪರಸ್ಪರ’ ಅಂತ ಅದರಲ್ಲಿ ತುಂಬುತ್ತೇನೆ. ಆರ್ಚಿಯಲ್ಲಿ ಲೇಬಲ್ ಎಕ್ಸ್‌ಪ್ರೆಶನ್ ಅಂತ ಒಂದು ಸೌಲಭ್ಯ ಇದೆ. ಪ್ರಾಪರ್ಟಿಯಲ್ಲಿ ತುಂಬಿದ್ದನ್ನು ಅದು ಗೆರೆಯ ಮೇಲೇ ಬರೆದು ತೋರಿಸುತ್ತದೆ. ‘ಪರಸ್ಪರ’ ಅಂತ ಬರೆದ ಗೆರೆ ಇಲಾಖೆಯ ಗಡಿ ದಾಟುತ್ತಿದ್ದರೆ ಸಭೆಯಲ್ಲಿ ಮೊದಲು ಅದನ್ನೇ ಎತ್ತುತ್ತೇನೆ. ಟೂಲ್ ಕೊಡದಿದ್ದನ್ನು ನಾವು ಹೀಗೆ ಸೇರಿಸಿಕೊಳ್ಳಲು ಬಿಡುತ್ತದಲ್ಲ, ಅದು ಆರ್ಚಿಯ ಒಳ್ಳೆಯ ಗುಣ.

ನಾಲ್ಕನೆಯವರು ಸಂಸ್ಥೆಗಳ ವಿನ್ಯಾಸದ ತಜ್ಞ ಜೇ ಗಾಲ್‌ಬ್ರೇತ್, 1970ರ ದಶಕದವರು. ಕೆಲಸದಲ್ಲಿ ಅನಿಶ್ಚಿತತೆ ಹೆಚ್ಚಿದಷ್ಟೂ ಸಂಸ್ಥೆ ಹೆಚ್ಚು ಮಾಹಿತಿ ಸಂಭಾಳಿಸಬೇಕಾಗುತ್ತದೆ ಅಂದರು. ಅದಕ್ಕೆ ಅವರು ಕೊಟ್ಟ ದಾರಿಗಳು ನಾಲ್ಕು. ಸಮಯ, ಜನ, ದಾಸ್ತಾನು ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ. ಅಥವಾ ಒಂದು ಕೆಲಸಕ್ಕೆ ಬೇಕಾದ್ದೆಲ್ಲ ಒಂದೇ ತಂಡದಲ್ಲಿಡಿ. ಅಥವಾ ಮೇಲೆ ಕೆಳಗೆ ಮಾಹಿತಿ ಸಾಗಿಸುವ ವ್ಯವಸ್ಥೆ ಕಟ್ಟಿ. ಅಥವಾ ಅಡ್ಡಡ್ಡಲಾಗಿ ಜನರ ನಡುವೆ ನಂಟು ಬೆಳೆಸಿ. ಈ ನಾಲ್ಕನ್ನು ಕೈಯಲ್ಲಿ ಹಿಡಿದು ಆರ್ಚಿಯ ಪ್ಯಾಲೆಟ್ ನೋಡಿ. ಮೂರನೆಯದಕ್ಕೆ ಬೇಕಾದಷ್ಟು ಡಬ್ಬಿಗಳಿವೆ. ಎರಡನೆಯದೂ ನಾಲ್ಕನೆಯದೂ ಹೇಗೋ ನಡೆಯುತ್ತವೆ. ಮೊದಲನೆಯದನ್ನು, ಅಂದರೆ ಎಷ್ಟು ಜಾಸ್ತಿ ಉಳಿದಿದೆ ಅನ್ನುವುದನ್ನು, ನೇರವಾಗಿ ತೋರಿಸುವ ಡಬ್ಬಿ ಇಲ್ಲ. ಗ್ರಾಮ ಲೆಕ್ಕಿಗರು, ಈಗ ಗ್ರಾಮ ಆಡಳಿತ ಅಧಿಕಾರಿ ಅನ್ನುತ್ತಾರೆ, ಒಬ್ಬರೇ ಮ್ಯುಟೇಶನ್ ನೋಡಬೇಕು, ಬೆಳೆ ಹಾನಿ ನೋಡಬೇಕು, ಚುನಾವಣೆ ಬಂದರೆ ಅದಕ್ಕೂ ಹೋಗಬೇಕು. ಆರ್ಚಿಯಲ್ಲಿ ಅವರ ಡಬ್ಬಿಯಿಂದ ಎಷ್ಟು ಅಸೈನ್‌ಮೆಂಟ್ ಗೆರೆ (ಈ ಕೆಲಸ ಇವರದ್ದು ಅನ್ನುವ ಗೆರೆ) ಹೊರಡುತ್ತವೆ ಅಂತ ಕಾಣುತ್ತದೆ. ಅವರ ದಿನದಲ್ಲಿ ಎಷ್ಟು ಗಂಟೆ ಉಳಿದಿದೆ ಅಂತ ಕಾಣುವುದಿಲ್ಲ. ಸಾಫ್ಟ್‌ವೇರ್ ತಂದು ಸರಿಮಾಡೋಣ ಅಂತ ಆರ್ಕಿಟೆಕ್ಟ್‌ಗಳು ಯಾವಾಗಲೂ ಹೇಳುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ನಂಬಿಕೆ. ಇನ್ನೊಬ್ಬರನ್ನು ನೇಮಿಸಿ ಅನ್ನುವ ಪರಿಹಾರ ಈ ಭಾಷೆಯಲ್ಲಿ ಸುಲಭವಾಗಿ ಬರೆಯಲು ಬರುವುದಿಲ್ಲ.

ಇನ್ನು ಆರ್ಚಿಯ ಬೇರೆ ಅಂಗಗಳು. ವಿಶುವಲೈಸರ್ ತುಂಬ ಚೆನ್ನಾಗಿದೆ. ಪಹಣಿಯ ಡೇಟಾ ಆಬ್ಜೆಕ್ಟ್ ಒತ್ತಿದರೆ ಅದಕ್ಕೆ ತಾಗಿದ್ದೆಲ್ಲ ಸುತ್ತ ಹರಡಿಕೊಳ್ಳುತ್ತದೆ, ಎಷ್ಟು ಹೆಜ್ಜೆ ದೂರದವರೆಗೆ ಬೇಕು ಅಂತ ಹೇಳಬಹುದು. ಇದನ್ನು ಬದಲಿಸಿದರೆ ಯಾರಿಗೆಲ್ಲ ತಟ್ಟುತ್ತದೆ ಅಂತ ಮೇಲಧಿಕಾರಿ ಕೇಳಿದಾಗ ನಾನು ತೆರೆಯುವುದು ಇದನ್ನೇ. ವ್ಯಾಲಿಡೇಟರ್ ಎಲ್ಲೂ ಬಳಸದ ಡಬ್ಬಿ, ಎರಡು ಸಲ ಬರೆದ ಹೆಸರು, ಖಾಲಿ ಹಾಳೆ ಎಲ್ಲ ಹುಡುಕಿ ಕೊಡುತ್ತದೆ. ಹಿಂಟ್ಸ್ ಕಿಟಕಿ ತೆರೆದಿಟ್ಟರೆ ಪ್ರತಿ ಡಬ್ಬಿಯ ಅರ್ಥ ಪಕ್ಕದಲ್ಲೇ ಬರುತ್ತದೆ. ಕಲಿಯುವವರು ಅದನ್ನು ಮುಚ್ಚಲೇಬಾರದು. ಒಂದು ಡಬ್ಬಿಯೊಳಗೆ ಇನ್ನೊಂದು ಇಟ್ಟರೆ ಇವೆರಡರ ಸಂಬಂಧ ಏನು ಅಂತ ಕೇಳುತ್ತದೆ. ಎಚ್‌ಟಿಎಂಎಲ್ ರಿಪೋರ್ಟ್ ತೆಗೆದರೆ ಆರ್ಚಿ ಇಲ್ಲದವರೂ ಬ್ರೌಸರ್‌ನಲ್ಲಿ ಒತ್ತಿ ಒತ್ತಿ ಓದಬಹುದು.

ಕಿರಿಕಿರಿಗಳೂ ಇವೆ. ಏನೋ ಸಂಬಂಧ ಇದೆ ಅಂತಷ್ಟೇ ಹೇಳುವ ಅಸೋಸಿಯೇಶನ್ ಗೆರೆ ಯಾವ ಎರಡು ಡಬ್ಬಿಗಳ ನಡುವೆಯೂ ಹೋಗುತ್ತದೆ. ಅವಸರದಲ್ಲಿರುವವರು ಎಲ್ಲಕ್ಕೂ ಅದನ್ನೇ ಎಳೆದುಬಿಡುತ್ತಾರೆ, ಮೇಲೆ ಹೇಳಿದ ವ್ಯಾಕರಣದ ಲಾಭವೆಲ್ಲ ಹೋಗುತ್ತದೆ. ನಮ್ಮ ತಂಡದಲ್ಲಿ ಅಸೋಸಿಯೇಶನ್ ಬಳಸಿದರೆ ಕಾರಣ ಬರೆಯಲೇಬೇಕು ಅಂತ ನಿಯಮ ಮಾಡಿದ್ದೇವೆ. ಖರ್ಚು, ಲೈಸೆನ್ಸ್ ಮುಗಿಯುವ ದಿನ, ವರ್ಷವಾರು ಯೋಜನೆಯ ಚಾರ್ಟ್ ಇಂಥವು ಬೇಕೆಂದರೆ ಆರ್ಚಿ ನಿಮಗಲ್ಲ.

ಒಟ್ಟಿಗೆ ಕೆಲಸ ಮಾಡುವುದು ಸುಲಭ ಇಲ್ಲ. ಆರ್ಚಿ ಮೂಲತಃ ಒಬ್ಬರು ಒಂದು ಫೈಲ್ ತೆರೆಯುವ ಟೂಲ್. ತಂಡಕ್ಕೆ ಬೇಕೆಂದರೆ ಕೋಆರ್ಚಿ ಪ್ಲಗಿನ್ ಹಾಕಿಕೊಳ್ಳಬೇಕು, ಅದು ಫೈಲ್‌ಗಳ ಪ್ರತಿ ಬದಲಾವಣೆಯನ್ನೂ ದಾಖಲಿಸುವ ಗಿಟ್ ಮೇಲೆ ನಡೆಯುತ್ತದೆ. ಪ್ರೋಗ್ರಾಮರ್‌ಗಳಿಗೆ ಇದು ವರ. ಯಾರು ಯಾವಾಗ ಯಾವ ಗೆರೆ ಬದಲಿಸಿದರು ಅನ್ನುವ ಇತಿಹಾಸ ಪೂರ್ತಿ ಉಳಿಯುತ್ತದೆ. ಕಮಿಟ್, ಮರ್ಜ್ ಅಂದರೆ ಏನು ಅಂತ ಗೊತ್ತಿಲ್ಲದ ಫೈನಾನ್ಸ್ ಅಥವಾ ಎಚ್‌ಆರ್ ಸಹೋದ್ಯೋಗಿಗಳು ಅಲ್ಲೇ ನಿಲ್ಲುತ್ತಾರೆ. ಸಂಸ್ಥೆಯ ವಿನ್ಯಾಸಕ್ಕೆ ಅವರ ಮಾತೇ ಮುಖ್ಯ ಆಗಿರುವಾಗ ಇದು ಸಣ್ಣ ಕೊರತೆ ಅಲ್ಲ. ನಾವು ಅವರ ಜೊತೆ ಪಕ್ಕದಲ್ಲಿ ಕೂತು, ಅವರು ಹೇಳಿದ ಹಾಗೆ ನಾವೇ ಬರೆಯುತ್ತೇವೆ.

ದುಡ್ಡು ಕೊಡುವ ಟೂಲ್‌ಗಳ ಬಗ್ಗೆ ಒಂದೆರಡು ಮಾತು. 2023ರಲ್ಲಿ ಎಸ್‌ಎಪಿ ಕೊಂಡುಕೊಂಡ ಲೀನ್‌ಐಎಕ್ಸ್, ನಾರ್ವೆಯ ಆರ್ಡಾಕ್, ನೆದರ್ಲೆಂಡ್ಸ್‌ನ ಬಿಝ್‌ಡಿಸೈನ್, ಆಸ್ಟ್ರೇಲಿಯಾದ ಸ್ಪಾರ್ಕ್ಸ್ ಇವೆಲ್ಲ ದೊಡ್ಡ ಸಂಸ್ಥೆಗಳಿಗೆ. ನೂರಾರು ಅಪ್ಲಿಕೇಶನ್‌ಗಳ ಪಟ್ಟಿಯನ್ನು ಹತ್ತಾರು ಜನ ಬ್ರೌಸರ್‌ನಲ್ಲಿ ತಿದ್ದುತ್ತಿರಬೇಕು ಅಂದರೆ ಅಂಥದ್ದೇ ಬೇಕು. ಆದರೆ ಮೊದಲ ವರ್ಷವೇ ಅಲ್ಲಿಗೆ ಹೋಗಬೇಡಿ. ಹಿಂದೆ ನಾನಿದ್ದ ಒಂದು ಕಂಪನಿಯಲ್ಲಿ ದುಬಾರಿ ಟೂಲ್ ಬಂತು, ಎಲ್ಲ ಅಪ್ಲಿಕೇಶನ್ ಹೆಸರೂ ತುಂಬಿದರು, ಯಾವ ತೀರ್ಮಾನಕ್ಕೂ ಯಾರೂ ಅದನ್ನು ತೆರೆದು ನೋಡಲಿಲ್ಲ. ಯಾವ ಪ್ರಶ್ನೆಗೆ ಉತ್ತರ ಬೇಕು ಅಂತ ಮೊದಲು ಯಾರೂ ಕೇಳಿರಲಿಲ್ಲ.

ಶುರು ಮಾಡುವವರಿಗೆ ಆರ್ಚಿಷೂರನ್ಸ್ ಅನ್ನುವ ಸಿದ್ಧ ಮಾಡೆಲ್ ಇದೆ. ದಿ ಓಪನ್ ಗ್ರೂಪ್ ಪ್ರಕಟಿಸಿದ ಕಲ್ಪಿತ ಇನ್ಶೂರೆನ್ಸ್ ಕಂಪನಿ ಅದು. ಮನೆ ಮತ್ತು ಪ್ರಯಾಣ ವಿಮೆಯದ್ದೊಂದು, ಕಾರು ವಿಮೆಯದ್ದೊಂದು, ಕಾನೂನು ಖರ್ಚಿನ ವಿಮೆಯದ್ದೊಂದು, ಹೀಗೆ ಮೂರು ಕಂಪನಿ ಸೇರಿ ಒಂದಾಗಿವೆ. ಗಿರಾಕಿಗಳ ಮುಂದಿರುವ ಕಚೇರಿ ಒಂದೇ, ಹಿಂದಿನ ಕಚೇರಿಗಳು ಬೇರೆ ಬೇರೆ. ಇದನ್ನು ತೆರೆದುಕೊಂಡು 2006ರಲ್ಲಿ ರಾಸ್, ವೈಲ್, ರಾಬರ್ಟ್‌ಸನ್ ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಬಗ್ಗೆ ಬರೆದ ತಮ್ಮ ಪುಸ್ತಕದಲ್ಲಿ ಎತ್ತಿದ ಎರಡು ಪ್ರಶ್ನೆ ಕೇಳಿ: ಘಟಕಗಳು ಎಷ್ಟರಮಟ್ಟಿಗೆ ಮಾಹಿತಿ ಹಂಚಿಕೊಳ್ಳಬೇಕು? ಎಷ್ಟರಮಟ್ಟಿಗೆ ಒಂದೇ ರೀತಿ ಕೆಲಸ ಮಾಡಬೇಕು? ಎರಡಕ್ಕೂ ‘ಜಾಸ್ತಿ’ ಅನ್ನುವ ಕಂಪನಿಗೆ ಒಂದು ಆರ್ಕಿಟೆಕ್ಚರ್, ಎರಡಕ್ಕೂ ‘ಕಡಿಮೆ’ ಅನ್ನುವ ಕಂಪನಿಗೆ ಪೂರ್ತಿ ಬೇರೆಯದೇ. ಉತ್ತರ ತೀರ್ಮಾನ ಆಗುವ ಮೊದಲು ಹಿಂದಿನ ಕಚೇರಿಗಳ ಸಾಫ್ಟ್‌ವೇರ್ ಒಂದು ಮಾಡಲು ಹೊರಡಬೇಡಿ.

ಆಮೇಲೆ ನಿಮ್ಮ ಮನೆಯವರಿಗೆ ಗೊತ್ತಿರುವ ಒಂದು ಕಾಗದ ತಗೊಳ್ಳಿ. ರೇಷನ್ ಕಾರ್ಡ್ ಆಗಬಹುದು, ಹಾಲಿನ ಡೇರಿಯ ಪಾಸ್‌ಬುಕ್ ಆಗಬಹುದು. ಆರೇಳು ಬಗೆಯ ಡಬ್ಬಿ, ನಾಲ್ಕು ಬಗೆಯ ಗೆರೆ ಸಾಕು, ಉಳಿದದ್ದನ್ನು ಮುಟ್ಟಬೇಡಿ. ಬರೆದದ್ದನ್ನು ಆ ಕೆಲಸ ನಿಜಕ್ಕೂ ಮಾಡುವವರಿಗೆ ತೋರಿಸಿ. ಅವರು ‘ಇಲ್ಲಪ್ಪ, ಇದು ಹೀಗಲ್ಲ’ ಅಂದ ಜಾಗದಲ್ಲಿ ಪೆನ್ಸಿಲ್ ಗುರುತು ಹಾಕಿಕೊಳ್ಳಿ.

ಆರ್ಚಿ ನಡೆಯುತ್ತಿರುವುದು ಸಣ್ಣ ತಂಡದ ದುಡಿಮೆಯಿಂದ, ಬಳಸುವವರು ಕೊಡುವ ದೇಣಿಗೆಯಿಂದ. ಬೆಂಗಳೂರಿನಲ್ಲಿ ಇದನ್ನು ದಿನಾ ಬಳಸುವ ಕಂಪನಿಗಳಿವೆ. ದುಬಾರಿ ಟೂಲ್‌ಗಳ ಲೈಸೆನ್ಸ್‌ಗೆ ಕೊಡುವ ಹಣದಲ್ಲಿ ಒಂದು ಚೂರನ್ನಾದರೂ ಈ ಕಡೆ ಕಳಿಸಲಿ ಅಂತ ನಾನು ಹೋದಲ್ಲೆಲ್ಲ ಕೇಳುತ್ತೇನೆ. ನಮ್ಮ ಆಫೀಸಿನಿಂದ ಕೊಡಿಸಿದ್ದೇನೆ.